ಅಬ್ಬೆಯಿಂದ ದೂರವಾದ ಅಬ್ಬೆ ಫಾರಿಯಾ

ಪಣಜಿಗೆ ಹೋದವರು ಮಾಂಡೋವಿ ನದಿಯ ದಂಡೆಯಲ್ಲಿ, ಹಳೆಯ ಸೆಕ್ರೆಟೇರಿಯಟ್ ಕಟ್ಟಡದ ಮಗ್ಗುಲಲ್ಲಿ, ಒಂದು ವಿಲಕ್ಷಣವಾದ ಪ್ರತಿಮೆಯನ್ನು ಕಂಡಿರಬಹುದು. ನೀಳವಾದ ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ನಿಂತಿದ್ದಾರೆ. ಅವರೆದುರು ಹೆಂಗಸೊಬ್ಬಳು ಹಿಂದಕ್ಕೆ ಬಾಗಿ ನಿದ್ದೆಗೆ ಜಾರುತ್ತಿದ್ದಾಳೆ. ಮೊದಲ ಬಾರಿಗೆ ನೋಡಿದವರಿಗೆ ಇದು ಮಂತ್ರವಾದಿಯ ಪ್ರತಿಮೆಯೇನೋ ಎಂದು ಅನಿಸುವುದುಂಟು. ಗೋವೆಯ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತರು ಕಡೆದ ಈ ಪ್ರತಿಮೆ 1945ರಲ್ಲಿ ಸ್ಥಾಪನೆಯಾಯಿತು. ಪ್ರತಿಮೆಯಲ್ಲಿರುವವರು ಮಂತ್ರವಾದಿಯಲ್ಲ. ಮನುಷ್ಯನ ಮನಸ್ಸಿನ ಒಳಬಾಗಿಲನ್ನು ತಟ್ಟಿ ನೋಡಿದ ಜೋಸೆ ಕುಸ್ತೋದಿಯೊ ಡಿ ಫಾರಿಯಾ. ಲೋಕಕ್ಕೆ ಪರಿಚಿತವಾದ ಹೆಸರು ಅಬ್ಬೆ ಫಾರಿಯಾ.

ಅಬ್ಬೆ ಎಂಬುದು ಫ್ರೆಂಚರು ಪಾದ್ರಿಗಳಿಗೆ ಕೊಡುವ ಗೌರವದ ಹೆಸರು. ಅದರ ಮೂಲ ಅರಮಾಯಿಕ್ ಭಾಷೆಯ ಅಬ್ಬಾ ಎಂಬ ಮಾತು. ಅದಕ್ಕೆ ತಂದೆ ಎಂದರ್ಥ. ಆದರೆ ನಮ್ಮ ಊರಿನ ಹವ್ಯಕರ ಮನೆಗಳಲ್ಲಿ ಅಬ್ಬೆ ಎಂದರೆ ತಾಯಿ. ಹಳಗನ್ನಡದಲ್ಲಿಯೂ ಅದೇ ಅರ್ಥ. ಒಂದೇ ಸದ್ದು ಅಲ್ಲಿ ತಂದೆಯಾಯಿತು, ಇಲ್ಲಿ ತಾಯಿಯಾಯಿತು. ಕೇವಲ ಕಾಕತಾಳೀಯವಾದ ಈ ಹೋಲಿಕೆ ಫಾರಿಯಾ ಅವರ ಬದುಕಿಗೆ ಮಾತ್ರ ವಿಚಿತ್ರವಾಗಿ ಹೊಂದಿಕೊಳ್ಳುತ್ತದೆ. ತಾಯಿಯಿಂದ ಬೇರಾಗಿ ತಂದೆಯ ನೆರಳಲ್ಲಿ ಬೆಳೆದ ಹುಡುಗನ ಕತೆ ಇದು. ತಾಯಿಯ ಮಡಿಲು ಮಗುವಿಗೆ ಏನನ್ನು ಕೊಡುತ್ತದೆ, ಅದು ತಪ್ಪಿದರೆ ಏನಾಗುತ್ತದೆ, ಅದನ್ನು ಬೇರೆಯವರು ತುಂಬಿಕೊಡಬಲ್ಲರೇ ಎಂಬ ಪ್ರಶ್ನೆಗಳಿಗೆ ನಮ್ಮ ಕಾಲದ ವಿಜ್ಞಾನ ಕೊಡುವ ಉತ್ತರಗಳನ್ನು ಈ ಬದುಕಿನ ಜೊತೆಗಿಟ್ಟು ನೋಡುವುದು ಪ್ರಯೋಜನಕರವಾದೀತು.

ಕಾಂದೋಳಿಯ ಮನೆ

ಗೋವೆಯ ಬಾರ್ದೇಸ್ ತಾಲೂಕಿನ ಕಾಂದೋಳಿ ಈಗ ವಿದೇಶಿ ಪ್ರವಾಸಿಗಳಿಂದ ತುಂಬಿದ ಕಡಲತೀರ. ಹದಿನೆಂಟನೆಯ ಶತಮಾನದಲ್ಲಿ ಅದು ತೆಂಗಿನ ತೋಟಗಳ ನಡುವಿನ ಒಂದು ಹಳ್ಳಿ. 1756ರ ಮೇ ತಿಂಗಳ ಕೊನೆಯಲ್ಲಿ ಜೋಸೆ ಅಲ್ಲಿ ಹುಟ್ಟಿದ. ತಾಯಿ ರೋಜಾ ಮರಿಯಾ ಡಿ ಸೋಜಾ ಅದೇ ಊರಿನವಳು. ತಂದೆ ಕಾಯೆತಾನೊ ವಿತೊರಿನೊ ಡಿ ಫಾರಿಯಾ ಹತ್ತಿರದ ಕೊಲ್ವಾಳದವನು. ಈ ಫಾರಿಯಾ ಮನೆತನದ ಮೂಲಪುರುಷ ಅನಂತ ಶೆಣೈ ಎಂಬ ಸಾರಸ್ವತನೆಂದೂ, ಆತ ಹದಿನಾರನೆಯ ಶತಮಾನದಲ್ಲಿ ಕ್ರೈಸ್ತನಾದನೆಂದೂ ವಂಶದ ಕತೆ ಬರೆದವರು ಹೇಳುತ್ತಾರೆ. ಮಂಜೇಶ್ವರ, ಕುಂಬಳೆಗಳ ಶೆಣೈ, ಕಾಮತ, ಪೈಗಳಿಗೂ, ಬೇಳದ ಇಗರ್ಜಿಗೆ ಹೋಗುವ ಕೊಂಕಣಿ ಕ್ರೈಸ್ತರಿಗೂ ಗೋವೆ ಅಜ್ಜನ ಮನೆಯಿದ್ದಂತೆ. ಹಾಗಾಗಿ ಈ ಹುಡುಗ ನಮಗೆ ತೀರ ಪರಕೀಯನಲ್ಲ.

ಕಾಯೆತಾನೊ ಮೊದಲು ಪಾದ್ರಿಯಾಗಲೆಂದು ಓದಲು ಹೊರಟವನು. ಅರ್ಧದಲ್ಲಿ ಆ ದಾರಿ ಬಿಟ್ಟು ಮದುವೆಯಾದ. ಗಂಡಹೆಂಡಿರೊಳಗೆ ಹೊಂದಾಣಿಕೆಯಾಗಲಿಲ್ಲ. ಕ್ರೈಸ್ತಧರ್ಮದ ಆ ಕಾಲದ ಕಟ್ಟಳೆಯಲ್ಲಿ ವಿವಾಹ ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ಆದರೆ ಇಬ್ಬರೂ ಸಂಸಾರ ತೊರೆದು ಧರ್ಮಸೇವೆಗೆ ಸೇರುವುದಾದರೆ ಇಗರ್ಜಿಯ ಅನುಮತಿ ದೊರೆಯುತ್ತಿತ್ತು. ಅವರು ಆ ದಾರಿಯನ್ನೇ ಹಿಡಿದರು. ತಂದೆ ಮತ್ತೆ ಸೆಮಿನರಿಗೆ ಹೋಗಿ ಓದು ಮುಗಿಸಿ ಪಾದ್ರಿಯಾದ. ತಾಯಿ ಹಳೆಗೋವೆಯ ಸಾಂತಾ ಮೋನಿಕಾ ಕನ್ಯಾಮಠವನ್ನು ಸೇರಿದಳು. ಮಗ ತಂದೆಯ ಪಾಲಿಗೆ ಬಂದ.

ಸಾಂತಾ ಮೋನಿಕಾ ಮಠ 1606ರಲ್ಲಿ ಆರ್ಚ್‌ಬಿಷಪ್ ಅಲೆಶೊ ಡಿ ಮೆನೆಜಸ್ ಸ್ಥಾಪಿಸಿದ್ದು. ಅದರ ಭವ್ಯವಾದ ಕಟ್ಟಡ 1627ರಲ್ಲಿ ಪೂರ್ತಿಯಾಯಿತು. ಒಳಗೆ ಹೋದ ಹೆಂಗಸು ಹೊರಜಗತ್ತಿನ ಸಂಬಂಧ ಕಡಿದುಕೊಂಡಂತೆಯೇ. ಆ ಗೋಡೆಗಳೊಳಗೆ ರೋಜಾ ಮರಿಯಾ ಮೂಲೆಗುಂಪಾಗಲಿಲ್ಲ. ಕ್ರಮೇಣ ಮಠದ ಮುಖ್ಯಸ್ಥೆಯ ಪದವಿಗೇರಿದಳು. ಪೋರ್ಚುಗೀಸರಲ್ಲಿ ಕನ್ಯಾಸ್ತ್ರೀಯರನ್ನು ಮಾದ್ರೆ, ಎಂದರೆ ತಾಯಿ, ಎಂದು ಕರೆಯುವ ವಾಡಿಕೆ. ಹೆತ್ತ ಮಗನೊಬ್ಬನನ್ನು ಹೊರಗೆ ಬಿಟ್ಟುಬಂದ ಹೆಂಗಸು ಒಳಗೆ ಹಲವರ ಪಾಲಿಗೆ ತಾಯಿಯಾದಳು. ಆಕೆಯನ್ನು ಕಠೋರಳೆಂದು ದೂಷಿಸುವುದು ಸುಲಭ. ಆದರೆ ಗಂಡನೊಂದಿಗೆ ಬಾಳಲಾಗದ ಹೆಂಗಸಿಗೆ ಆ ಸಮಾಜ ತೆರೆದಿಟ್ಟ ಮರ್ಯಾದೆಯ ಬಾಗಿಲು ಮಠದ್ದೊಂದೇ ಎಂಬುದನ್ನು ಮರೆಯಬಾರದು.

ಮಡಿಲಿನ ವಿಜ್ಞಾನ

ತಾಯ್ತನವೆಂಬುದು ಕೇವಲ ಭಾವನೆಯೇ, ಅಥವಾ ಶರೀರಧರ್ಮವೇ? ಎರಡೂ ಹೌದು ಎನ್ನುತ್ತದೆ ಜೀವವಿಜ್ಞಾನ. ಗರ್ಭಕಾಲದಲ್ಲಿ ಹೆಂಗಸಿನ ರಕ್ತದಲ್ಲಿ ಹಾರ್ಮೋನುಗಳ ಮಟ್ಟ ಹಲವು ಪಟ್ಟು ಏರುತ್ತದೆ. ಹೆರಿಗೆಯ ವೇಳೆಗೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನು ಸಂಕುಚಿಸುತ್ತದೆ. ಮಗು ಮೊಲೆಗೆ ಬಾಯಿ ಹಾಕಿದೊಡನೆ ಅದೇ ಹಾರ್ಮೋನು ಹಾಲನ್ನು ಹೊರಗೆ ದೂಡುತ್ತದೆ. ಅದರ ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ. 1979ರಲ್ಲಿ ಪೆಡರ್ಸನ್ ಮತ್ತು ಪ್ರಾಂಜ್ ಎಂಬ ಅಮೆರಿಕದ ಸಂಶೋಧಕರು ಮರಿ ಹಾಕದ ಹೆಣ್ಣಿಲಿಗಳ ಮಿದುಳಿಗೆ ಆಕ್ಸಿಟೋಸಿನ್ ಕೊಟ್ಟಾಗ ಅವು ಬೇರೆಯವುಗಳ ಮರಿಗಳನ್ನು ತಮ್ಮವೆಂಬಂತೆ ಗೂಡಿಗೆ ಒಯ್ದು ನೆಕ್ಕತೊಡಗಿದವು. ಮೊದಲ ಬಸಿರಿನಲ್ಲಿ ಹೆಂಗಸಿನ ಮಿದುಳಿನ ಕೆಲವು ಭಾಗಗಳ ರಚನೆಯೇ ಬದಲಾಗುತ್ತದೆಂದೂ, ಆ ಬದಲಾವಣೆ ಕನಿಷ್ಠ ಎರಡು ವರ್ಷ ಉಳಿಯುತ್ತದೆಂದೂ ಸ್ಪೇನಿನಲ್ಲಿ ನಡೆದ ಅಧ್ಯಯನವೊಂದು 2016ರ ಕೊನೆಯಲ್ಲಿ ಪ್ರಕಟಪಡಿಸಿತು.

ಆದರೆ ಹಾರ್ಮೋನೇ ಸರ್ವಸ್ವವಲ್ಲ. ರೋಸೆನ್‌ಬ್ಲಾಟ್ ಎಂಬ ವಿಜ್ಞಾನಿ 1967ರಲ್ಲಿ ತೋರಿಸಿಕೊಟ್ಟ ಸಂಗತಿ ಬಹಳ ಕುತೂಹಲಕರ. ಬಸುರಾಗದ ಹೆಣ್ಣಿಲಿಗಳ ಬಳಿ ಮರಿಗಳನ್ನು ದಿನವೂ ಇಟ್ಟಾಗ, ಮೊದಲು ಅಲಕ್ಷಿಸಿದ ಅವು ಕೆಲವೇ ದಿನಗಳಲ್ಲಿ ಮರಿಗಳ ಆರೈಕೆಗೆ ತೊಡಗಿದವು. ಗಂಡಿಲಿಗಳು ಕೂಡ ಹಾಗೆಯೇ ಮಾಡಿದವು. ಹಾರ್ಮೋನು ಬಾಗಿಲು ತೆರೆಯುತ್ತದೆ, ಒಳಗೆ ಸಂಸಾರ ಹೂಡುವುದು ಒಡನಾಟ ಎಂದು ಇದರ ತಾತ್ಪರ್ಯ. 2014ರಲ್ಲಿ ಇಸ್ರೇಲಿನ ರೂತ್ ಫೆಲ್ಡ್‌ಮನ್ ಅವರ ತಂಡ, ಮಗುವಿನ ಪೂರ್ತಿ ಜವಾಬ್ದಾರಿ ಹೊತ್ತ ತಂದೆಯರ ಮಿದುಳುಗಳು ಈ ವಿಷಯದಲ್ಲಿ ತಾಯಂದಿರ ಮಿದುಳುಗಳನ್ನು ಹೋಲುವುದನ್ನು ಕಂಡುಕೊಂಡಿತು.

ಮಗುವಿನ ಕಡೆಯಿಂದ ನೋಡಿದವರಲ್ಲಿ ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಪ್ರಮುಖರು. 1907ರಲ್ಲಿ ಹುಟ್ಟಿದ ಅವರನ್ನು ಸಾಕಿದ್ದು ಒಬ್ಬ ದಾದಿ. ಬೌಲ್ಬಿ ನಾಲ್ಕು ವರ್ಷದವರಾಗಿದ್ದಾಗ ಆಕೆ ಕೆಲಸ ಬಿಟ್ಟುಹೋದಳು. ತಾಯಿಯನ್ನೇ ಕಳೆದುಕೊಂಡಂತಾದ ಆ ನೋವನ್ನು ಅವರು ಜೀವಮಾನವಿಡೀ ಮರೆಯಲಿಲ್ಲ. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಬರೆದ ವರದಿ 1951ರಲ್ಲಿ ಪ್ರಕಟವಾಯಿತು. ಅನ್ನ, ಬಟ್ಟೆ, ಔಷಧಗಳಷ್ಟೇ ಸಾಲವು; ತನ್ನವರೆನ್ನಿಸುವ ಒಬ್ಬರ ನಿರಂತರವಾದ ಪ್ರೀತಿ ಮಗುವಿಗೆ ಬೇಕೇಬೇಕು ಎಂಬುದು ಅದರ ಸಾರ. ಅಮೆರಿಕದ ಹ್ಯಾರಿ ಹಾರ್ಲೋ 1958ರಲ್ಲಿ ಕೋತಿಮರಿಗಳಿಗೆ ಎರಡು ಬೊಂಬೆತಾಯಂದಿರನ್ನು ಕೊಟ್ಟರು. ಒಂದು ತಂತಿಯದು, ಹಾಲಿನ ಬಾಟಲಿ ಅದರಲ್ಲಿತ್ತು. ಇನ್ನೊಂದು ಮೆತ್ತನೆಯ ಬಟ್ಟೆಯದು, ಹಾಲಿಲ್ಲ. ಮರಿಗಳು ಹಾಲಿಗೆ ಮಾತ್ರ ತಂತಿಯ ಬಳಿ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡವು. ಈ ಪ್ರಯೋಗಗಳ ಕ್ರೌರ್ಯದ ಬಗ್ಗೆ ಆಕ್ಷೇಪಗಳೂ ಬಂದಿವೆ, ಅವು ನ್ಯಾಯವಾದವು. ಆದರೆ ಆ ಕಾಲದಲ್ಲಿ ಆಸ್ಪತ್ರೆಗಳು ಮಗುವನ್ನು ಸೇರಿಸಿಕೊಂಡು ತಾಯಿಯನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದವು. ಬೌಲ್ಬಿಯ ಜೊತೆಗಾರ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಚಲನಚಿತ್ರವನ್ನು 1952ರಲ್ಲಿ ತೋರಿಸಿದ ಮೇಲೆ ವೈದ್ಯರ ಮನಸ್ಸು ನಿಧಾನವಾಗಿ ಕರಗಿತು. 1959ರಲ್ಲಿ ಬ್ರಿಟಿಷ್ ಸರಕಾರದ ಸಮಿತಿಯೊಂದು ತಾಯಂದಿರ ಭೇಟಿಗೆ ಸಮಯದ ಕಟ್ಟು ಇರಕೂಡದೆಂದು ಶಿಫಾರಸು ಮಾಡಿತು.

ಲಿಸ್ಬನ್ನಿನ ದಾರಿ

ಜೋಸೆಯ ಪಾಲಿಗೆ ಆ ನಿರಂತರವಾದ ಆಸರೆ ತಂದೆಯದು. ಕಾಯೆತಾನೊ ಹಟವಾದಿ, ಮಹತ್ವಾಕಾಂಕ್ಷಿ. ಪೋರ್ಚುಗೀಸರ ಆಡಳಿತದಲ್ಲಿ ಗೋವೆಯ ಮೂಲದ ಪಾದ್ರಿಗಳಿಗೆ ದೊಡ್ಡ ಹುದ್ದೆಗಳು ಸಿಗುತ್ತಿರಲಿಲ್ಲ. ತಾನೂ ಮೇಲೇರಬೇಕು, ಮಗನೂ ಮೇಲೇರಬೇಕು ಎಂದು ಆತ ಹುಡುಗನನ್ನು ಕರೆದುಕೊಂಡು 1771ರ ಫೆಬ್ರವರಿ 21ರಂದು ಹಡಗು ಹತ್ತಿದ. ಹುಡುಗನಿಗೆ ಆಗ ಹದಿನೈದೂ ತುಂಬಿರಲಿಲ್ಲ. ಒಂಬತ್ತು ತಿಂಗಳ ಪಯಣದ ಬಳಿಕ ನವೆಂಬರ್ 23ರಂದು ಅವರು ಲಿಸ್ಬನ್ ಮುಟ್ಟಿದರು. ಆ ಮಗ ಮತ್ತೆ ಗೋವೆಗೆ ಹಿಂತಿರುಗಲಿಲ್ಲ. ತಾಯಿ ಮಠದೊಳಗೆ, ಮಗ ಕಡಲಾಚೆ. ಅವರ ನಡುವಿನ ದೂರ ಅಂದಿನಿಂದ ಶಾಶ್ವತವಾಯಿತು.

ಮರುವರ್ಷ ತಂದೆಮಕ್ಕಳು ರೋಮಿಗೆ ಹೋದರು. ಜೋಸೆ ಪ್ರೊಪಗಾಂಡಾ ಫೀದೆ ವಿದ್ಯಾಲಯ ಸೇರಿ ದೈವಶಾಸ್ತ್ರ ಓದಿ, 1780ರ ಮಾರ್ಚ್ 12ರಂದು ಪಾದ್ರಿದೀಕ್ಷೆ ಪಡೆದ. ಡಾಕ್ಟರೇಟೂ ದೊರೆಯಿತು. ತನ್ನ ಪ್ರಬಂಧವನ್ನು ಪೋರ್ಚುಗಲ್ಲಿನ ರಾಣಿ ಮರಿಯಾಗೆ ಅರ್ಪಿಸಿದ. ಪೋಪ್ ಆರನೆಯ ಪಯಸ್ ಅವರ ಮುಂದೆ ಪ್ರವಚನ ಮಾಡುವ ಗೌರವವೂ ಒದಗಿತು. ಕಾಂದೋಳಿಯ ಹುಡುಗ ಇನ್ನು ಮುಂದೆ ಫಾದರ್ ಫಾರಿಯಾ.

ಪ್ರವಚನ ಪೀಠದಲ್ಲಿ

ರೋಮಿನಿಂದ ಲಿಸ್ಬನ್ನಿಗೆ ಮರಳಿದ ಬಳಿಕ ನಡೆಯಿತೆನ್ನಲಾದ ಒಂದು ಪ್ರಸಂಗ ಗೋವೆಯ ಮನೆಮನೆಗಳಲ್ಲಿ ಪ್ರಚಲಿತವಾಗಿದೆ. ದಾಖಲೆಗಿಂತ ಹೆಚ್ಚಾಗಿ ಅದು ಬಾಯಿಂದ ಬಾಯಿಗೆ ಬಂದ ಕತೆ. ಕೆಲೂಸ್ ಅರಮನೆಯ ಪ್ರಾರ್ಥನಾಮಂದಿರದಲ್ಲಿ ರಾಣಿಯ ಸಮ್ಮುಖದಲ್ಲಿ ಪ್ರವಚನ ಕೊಡಲು ಫಾರಿಯಾ ಅವರು ಪೀಠ ಹತ್ತಿದರು. ಎದುರಿಗೆ ರಾಜಮನೆತನದವರು, ಸರದಾರರು, ಬಿಷಪ್ಪರು. ಆ ಸಭೆಯನ್ನು ಕಂಡೊಡನೆ ನಾಲಗೆ ಒಣಗಿತು, ಕಲಿತದ್ದೆಲ್ಲ ಮರೆತಿತು. ಪೀಠದ ಬುಡದಲ್ಲಿದ್ದ ತಂದೆ ಮಗನ ಅವಸ್ಥೆಯನ್ನು ಕಂಡು, ಸಭೆಯಲ್ಲಿ ಬೇರಾರಿಗೂ ತಿಳಿಯದ ಕೊಂಕಣಿಯಲ್ಲಿ ಮೆಲ್ಲನೆ ಉಸುರಿದರಂತೆ: ಇವರೆಲ್ಲ ಬರೀ ತರಕಾರಿ, ಕೊಚ್ಚಿಹಾಕು ಎಂದು. ಅಷ್ಟೇ. ಮಗನ ಅಂಜಿಕೆ ಹಾರಿಹೋಗಿ ಮಾತು ಹೊಳೆಯಂತೆ ಹರಿಯಿತಂತೆ. ನಾಲ್ಕು ಮಾತು ಮನುಷ್ಯನೊಬ್ಬನ ಶರೀರವನ್ನೂ ಮನಸ್ಸನ್ನೂ ಹೀಗೆ ಬದಲಾಯಿಸಬಹುದಾದರೆ ಆ ಶಕ್ತಿ ಯಾವುದೆಂಬ ವಿಚಾರ ಅವರ ತಲೆಯನ್ನು ಹೊಕ್ಕಿದ್ದು ಅಂದಿನಿಂದಲೇ ಎಂದು ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಆ ಮಾತು ಯಾವ ಭಾಷೆಯಲ್ಲಿತ್ತೆಂಬುದು. 1684ರಲ್ಲಿ ಗೋವೆಯ ವೈಸರಾಯ್ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದ್ದ. ಜನರಿಗೆ ಕೊಟ್ಟ ಗಡುವು ಮೂರು ವರ್ಷ. ಫಾರಿಯಾ ಹುಟ್ಟುವ ಹೊತ್ತಿಗೆ ಆ ಆಜ್ಞೆಗೆ ಎಪ್ಪತ್ತೆರಡು ವರ್ಷ ಪ್ರಾಯ. ಆದರೆ ಅಡಿಗೆಮನೆಯಿಂದ, ತೊಟ್ಟಿಲ ಬಳಿಯಿಂದ ಭಾಷೆಯನ್ನು ಓಡಿಸುವುದು ಯಾವ ವೈಸರಾಯನಿಂದಲೂ ಆಗಲಿಲ್ಲ. ಲ್ಯಾಟಿನ್, ಇಟಾಲಿಯನ್, ಪೋರ್ಚುಗೀಸ್ ಬಲ್ಲ ಪಂಡಿತನನ್ನು ಕಷ್ಟಕಾಲದಲ್ಲಿ ಹಿಡಿದೆತ್ತಿದ್ದು ಕಾಂದೋಳಿಯ ಮನೆಯ ಮಾತು.

ವಿಜ್ಞಾನ ಇದನ್ನು ಸಮರ್ಥಿಸುತ್ತದೆ. ಮಗು ಹೊಟ್ಟೆಯಲ್ಲಿದ್ದಾಗಲೇ ತಾಯಿಯ ದನಿಯನ್ನು ಕೇಳುತ್ತದೆ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಅಮೆರಿಕದ ವಿಜ್ಞಾನಿಗಳು ಹುಟ್ಟಿ ಮೂರು ದಿನವೂ ದಾಟದ ಕೂಸುಗಳ ಬಾಯಿಗೆ ರಬ್ಬರಿನ ತೊಟ್ಟು ಕೊಟ್ಟು, ಚೀಪುವ ಗತಿ ಬದಲಾಯಿಸಿದರೆ ತಾಯಿಯ ದನಿ ಕೇಳುವಂತೆ ಏರ್ಪಾಡು ಮಾಡಿದರು. ಕೂಸುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಬರುವಂತೆ ಚೀಪತೊಡಗಿದವು. ಎರಡು ದಿನದ ಕೂಸು ತಾಯಿಯಾಡುವ ಭಾಷೆಯನ್ನು ಪರಭಾಷೆಗಿಂತ ಹೆಚ್ಚು ಬಯಸುತ್ತದೆಂದು 1993ರ ಇನ್ನೊಂದು ಅಧ್ಯಯನ ತಿಳಿಸಿತು. ತಾಯ್ನುಡಿಯೆಂಬ ಮಾತು ಅಲಂಕಾರವಲ್ಲ ಎಂದಾಯಿತು.

ಪೀಠದ ಪ್ರಸಂಗಕ್ಕೆ ಇನ್ನೂ ಹತ್ತಿರವಾದ ಪ್ರಯೋಗವೊಂದು 2010ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ವರದಿಯಾಯಿತು. ಏಳರಿಂದ ಹನ್ನೆರಡು ವಯಸ್ಸಿನ 61 ಹುಡುಗಿಯರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಲೆಕ್ಕ ಹೇಳಿಸಿದರು. ಆತಂಕದಿಂದ ಅವರ ಶರೀರದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರಿತು. ಬಳಿಕ ಕೆಲವರನ್ನು ತಾಯಿ ತಬ್ಬಿಕೊಂಡಳು. ಕೆಲವರು ತಾಯಿಯೊಂದಿಗೆ ಫೋನಿನಲ್ಲಿ ಮಾತಾಡಿದರು. ಉಳಿದವರು ಸಿನಿಮಾ ನೋಡಿದರು. ತಬ್ಬಿಸಿಕೊಂಡವರಲ್ಲಿ ಆಕ್ಸಿಟೋಸಿನ್ ಏರಿ ಕಾರ್ಟಿಸೋಲ್ ಇಳಿಯಿತು. ಸೋಜಿಗವೆಂದರೆ ಫೋನಿನಲ್ಲಿ ದನಿ ಕೇಳಿದವರಲ್ಲೂ ಬಹುಮಟ್ಟಿಗೆ ಹಾಗೆಯೇ ಆಯಿತು. ಅದೇ ತಂಡ 2012ರಲ್ಲಿ ತಾಯಿಯ ದನಿಯ ಬದಲು ಬರಹದ ಸಂದೇಶವನ್ನು ಕೊಟ್ಟು ನೋಡಿದಾಗ ಆ ಫಲ ಸಿಗಲಿಲ್ಲ. ಅಕ್ಷರಕ್ಕಿಲ್ಲದ ಗುಣ ದನಿಗಿದೆ.

ಪ್ಯಾರಿಸಿನ ನಿದ್ದೆ

1787ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ವಿರುದ್ಧ ಸಂಚೊಂದು ಬಯಲಾಯಿತು. ಕಾಂದೋಳಿಯ ಪಿಂಟೊ ಮನೆತನದ ಹೆಸರಿನಿಂದ ಅದನ್ನು ಪಿಂಟೊ ಬಂಡಾಯವೆಂದು ಕರೆಯುತ್ತಾರೆ. ದೇಶೀಯ ಪಾದ್ರಿಗಳಿಗಾಗುತ್ತಿದ್ದ ಅನ್ಯಾಯ ಅದರ ಒಂದು ಕಾರಣ. ಹದಿನೈದು ಮಂದಿಗೆ ಮರಣದಂಡನೆಯಾಯಿತು. ಲಿಸ್ಬನ್ನಿನಲ್ಲಿದ್ದ ಕಾಯೆತಾನೊ ಅವರ ಮೇಲೂ ಸಂಶಯದ ಕಣ್ಣು ಬಿತ್ತು. 1788ರ ವಸಂತಕಾಲದಲ್ಲಿ ಮಗ ಪ್ಯಾರಿಸಿಗೆ ಹೊರಟುಹೋದರು. ಮರುವರ್ಷವೇ ಅಲ್ಲಿ ಮಹಾಕ್ರಾಂತಿ. 1795ರ ಅಕ್ಟೋಬರಿನಲ್ಲಿ ಆಡಳಿತಸಭೆಯ ವಿರುದ್ಧ ನಡೆದ ದಂಗೆಯಲ್ಲಿ ಈ ಗೋವೆಯ ಪಾದ್ರಿ ತಾವೇ ಒಂದು ತಂಡದ ಮುಂದಾಳಾಗಿ ಹೊರಟಿದ್ದರು.

ಆ ಕಾಲದಲ್ಲಿ ಯುರೋಪಿನಲ್ಲಿ ಮೆಸ್ಮರ್ ಎಂಬ ವೈದ್ಯನ ಹೆಸರು ಮನೆಮಾತಾಗಿತ್ತು. ತನ್ನ ಶರೀರದಿಂದ ಒಂದು ಅಯಸ್ಕಾಂತ ಶಕ್ತಿ ಹರಿದು ರೋಗಿಯನ್ನು ಗುಣಪಡಿಸುತ್ತದೆ ಎಂದು ಆತನ ವಾದ. 1784ರಲ್ಲಿ ಫ್ರಾಂಕ್ಲಿನ್, ಲಾವೋಸಿಯೆ ಮುಂತಾದ ಘನ ವಿಜ್ಞಾನಿಗಳ ಸಮಿತಿ ಅಂಥ ಶಕ್ತಿಯಿಲ್ಲವೆಂದು ತೀರ್ಪು ಕೊಟ್ಟಿತು. ಶಕ್ತಿಯಿಲ್ಲ, ಸರಿ, ಆದರೆ ಜನ ನಿದ್ದೆಗೆ ಬೀಳುವುದು, ಗುಣವಾಗುವುದು ಹೇಗೆ? ಆ ಪ್ರಶ್ನೆಯನ್ನು ಹಿಡಿದವರು ಫಾರಿಯಾ. ಮೆಸ್ಮರನ ಶಿಷ್ಯ ಪ್ಯುಸೆಗುರ್ ಅವರ ಗೆಳೆತನದಿಂದ ಈ ವಿದ್ಯೆಯನ್ನು ತಿಳಿದುಕೊಂಡರು. 1811ರಲ್ಲಿ ಮಾರ್ಸೆಯ ವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು, ಬಳಿಕ ನೀಮ್ ನಗರದಲ್ಲಿ ಪಾಠ ಹೇಳಿದರು. 1813ರಲ್ಲಿ ಪ್ಯಾರಿಸಿಗೆ ಮರಳಿ, ಆಗಸ್ಟ್ 11ರಿಂದ ಕ್ಲಿಶಿ ಬೀದಿಯಲ್ಲಿ ಸಾರ್ವಜನಿಕ ಪ್ರಾತ್ಯಕ್ಷಿಕೆಗಳನ್ನು ಆರಂಭಿಸಿದರು. ಪ್ರವೇಶಧನ ಐದು ಫ್ರಾಂಕ್.

ಅವರ ವಿಧಾನ ಸರಳ. ಬಂದವರನ್ನು ಕುರ್ಚಿಯಲ್ಲಿ ಹಾಯಾಗಿ ಕೂರಿಸುವರು. ಕಣ್ಣುಮುಚ್ಚಿ ನಿದ್ದೆಯ ಬಗ್ಗೆ ಯೋಚಿಸಲು ಹೇಳುವರು. ಮನಸ್ಸು ಒಂದೆಡೆ ನಿಂತಿತೆಂದು ಕಂಡಾಗ ಗಂಭೀರವಾದ ದನಿಯಲ್ಲಿ ನಿದ್ರಿಸುವಂತೆ ಅಪ್ಪಣೆ ಕೊಡುವರು. ಹಲವರು ಅಷ್ಟರಿಂದಲೇ ನಿದ್ದೆ ಹೋಗುತ್ತಿದ್ದರು. ಇದರಲ್ಲಿ ಅಯಸ್ಕಾಂತವೂ ಇಲ್ಲ, ದೆವ್ವವೂ ಇಲ್ಲ, ತನ್ನಲ್ಲಿ ಯಾವ ವಿಶೇಷ ಶಕ್ತಿಯೂ ಇಲ್ಲ. ಎಲ್ಲವೂ ನಿದ್ರಿಸುವವನ ಮನಸ್ಸಿನಲ್ಲಿಯೇ ಇದೆ ಎಂಬುದೇ ಫಾರಿಯಾ ಅವರ ಮುಖ್ಯ ಸಿದ್ಧಾಂತ. ಹೇಳುವವನ ಮೇಲಿನ ನಂಬಿಕೆ, ಆಗುತ್ತದೆಂಬ ನಿರೀಕ್ಷೆ, ಏಕಾಗ್ರತೆ ಇವು ಕೂಡಿದರೆ ಮಾತೇ ಮದ್ದಾಗುತ್ತದೆ. ಇದನ್ನು ಮುಂದಿನ ಕಾಲದವರು ಸೂಚನಾಶಕ್ತಿ ಎಂದು ಕರೆದರು.

ಹೊಗಳಿಕೆಯ ಬೆನ್ನಿಗೇ ಗೇಲಿಯೂ ಬಂತು. ನಟನೊಬ್ಬ ಸಭೆಗೆ ಬಂದು ನಿದ್ದೆ ಬಂದಂತೆ ನಟಿಸಿ ಅವರನ್ನು ಮೋಸಗೊಳಿಸಿದ. 1816ರಲ್ಲಿ ಅವರನ್ನು ಹಾಸ್ಯಮಾಡುವ ನಾಟಕವೊಂದು ಪ್ಯಾರಿಸಿನ ರಂಗಮಂದಿರವನ್ನು ತುಂಬಿಸಿತು. ಧರ್ಮಗುರುಗಳು ಇದು ಸೈತಾನನ ಕೆಲಸವೆಂದರು, ಮೆಸ್ಮರನ ಹಿಂಬಾಲಕರು ತಮ್ಮ ಸಿದ್ಧಾಂತದ್ರೋಹಿಯೆಂದರು. ಎರಡೂ ಕಡೆಯಿಂದ ಏಟು ತಿಂದ ಫಾರಿಯಾ ಧಾರ್ಮಿಕ ಸಂಸ್ಥೆಯೊಂದರಲ್ಲಿ ಪಾದ್ರಿಯ ಕೆಲಸಕ್ಕೆ ಸೇರಿ, ತಮ್ಮ ವಿಚಾರಗಳನ್ನು ಪುಸ್ತಕವಾಗಿ ಬರೆಯಲು ಕುಳಿತರು. ಸ್ಪಷ್ಟನಿದ್ರೆಯ ಕಾರಣವನ್ನು ಕುರಿತ ಆ ಗ್ರಂಥದ ಮೊದಲ ಸಂಪುಟ ಪ್ರಕಟವಾದ 1819ರಲ್ಲಿಯೇ, ಸೆಪ್ಟೆಂಬರ್ 20ರಂದು, ಅವರು ಪ್ಯಾರಿಸಿನಲ್ಲಿ ತೀರಿಕೊಂಡರು. ಪ್ರಾಯ 63. ಮೋಂಮಾರ್ತ್‌ನ ಸ್ಮಶಾನದಲ್ಲಿ ಹೆಸರಿಲ್ಲದ ಗೋರಿಯಲ್ಲಿ ಹೂಳಿದರು.

ಕೀರ್ತಿ ಬಂದದ್ದು ತೀರಿಹೋದ ಮೇಲೆ. ಅಲೆಕ್ಸಾಂಡರ್ ಡ್ಯೂಮಾ 1844ರಲ್ಲಿ ಬರೆಯತೊಡಗಿದ ಮಾಂಟೆ ಕ್ರಿಸ್ಟೊ ಕಾದಂಬರಿಯ ಸೆರೆಮನೆಯ ಮುದಿ ಪಾದ್ರಿಗೆ ಇವರ ಹೆಸರನ್ನಿಟ್ಟ. ಆದರೆ ಕಾದಂಬರಿಯ ಫಾರಿಯಾ ಇಟಲಿಯವನು. ಫ್ರಾನ್ಸಿನ ನಾನ್ಸಿ ಪಟ್ಟಣದ ಲಿಬೋ ಮತ್ತು ಬರ್ನ್‌ಹೈಮ್ ಎಂಬ ವೈದ್ಯರು ಸೂಚನಾಶಕ್ತಿಯ ಚಿಕಿತ್ಸೆಯನ್ನು ಬೆಳೆಸಿದಾಗ ಅದರ ಮೂಲಪುರುಷ ಫಾರಿಯಾ ಎಂಬುದು ವಿದ್ವಾಂಸರಿಗೆ ಮನದಟ್ಟಾಯಿತು. ಮುಂದೆ ನೊಬೆಲ್ ಬಹುಮಾನ ಪಡೆದ ಪೋರ್ಚುಗೀಸ್ ವೈದ್ಯ ಎಗಾಸ್ ಮೋನಿಜ್ 1925ರಲ್ಲಿ ಇವರ ಮೇಲೊಂದು ಪುಸ್ತಕವನ್ನೇ ಬರೆದರು.

ನೆಕ್ಕುವ ತಾಯಿ, ಸಾಕುವ ತಾಯಿ

ಫಾರಿಯಾ ಅವರ ಏಳುಬೀಳುಗಳಿಗೆಲ್ಲ ತಾಯಿಯ ಅಗಲಿಕೆಯೇ ಕಾರಣವೆಂದು ಹೇಳಹೊರಟರೆ ಅದು ಶಾಸ್ತ್ರವಾಗುವುದಿಲ್ಲ, ಜಾತಕವಾದೀತು. ಒಬ್ಬ ಮನುಷ್ಯನ ಬದುಕಿಗೆ ಒಂದೇ ಕಾರಣವಿರುವುದಿಲ್ಲ. ಆದರೆ ತಾಯಿ ದೂರವಾದ ಮಗು ಬೆಳೆದು ನಿಲ್ಲಬಲ್ಲದು ಎಂಬುದಕ್ಕೆ ಅವರ ಬದುಕು ಸಾಕ್ಷಿಯೇ ಸರಿ. ಹೇಗೆ ನಿಲ್ಲಬಲ್ಲದು ಎಂಬುದನ್ನು ಕೆನಡಾದ ಮೈಕಲ್ ಮೀನಿ ಅವರ ಇಲಿಗಳು ಚೆನ್ನಾಗಿ ತಿಳಿಸಿಕೊಡುತ್ತವೆ.

ತಾಯಿಲಿಗಳಲ್ಲಿ ಕೆಲವು ಮರಿಗಳನ್ನು ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ಬೆಳೆದಾಗ ಕಡಿಮೆ ಅಂಜುತ್ತವೆ ಎಂದು ಮೀನಿ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಅಂಥ ಹೆಣ್ಣುಮರಿಗಳು ತಾವು ಹೆತ್ತಾಗ ತಮ್ಮ ಮರಿಗಳನ್ನೂ ಹೆಚ್ಚು ನೆಕ್ಕುತ್ತವೆ. ಹಾಗಾದರೆ ಇದು ರಕ್ತದಲ್ಲಿ ಬಂದ ಗುಣವೇ? ಇದನ್ನು ತಿಳಿಯಲು ಅವರು ಹುಟ್ಟಿದ ಮರಿಗಳನ್ನು ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿದ ಮರಿ ಹೆಚ್ಚು ನೆಕ್ಕುವ ಸಾಕುತಾಯಿಯ ಬಳಿ ಬೆಳೆದರೆ ಸಾಕುತಾಯಿಯಂತೆಯೇ ಆಯಿತು. 2004ರಲ್ಲಿ ಅದೇ ತಂಡ, ಈ ಆರೈಕೆಯಿಂದ ಮರಿಯ ಮಿದುಳಿನಲ್ಲಿ ಆತಂಕವನ್ನು ಹತೋಟಿಯಲ್ಲಿಡುವ ಒಂದು ಜೀನಿನ ಮೇಲಣ ರಾಸಾಯನಿಕ ಗುರುತುಗಳೇ ಬದಲಾಗುವುದನ್ನು ತೋರಿಸಿತು. ಇಲಿಗಳ ವಿಷಯವನ್ನು ಹಾಗೆಯೇ ಮನುಷ್ಯರಿಗೆ ಅಂಟಿಸಬಾರದು. ಆದರೆ ರೊಮೇನಿಯಾದ ಅನಾಥಾಲಯಗಳ ಮಕ್ಕಳ ಮೇಲೆ ಈ ಶತಮಾನದ ಆರಂಭದಲ್ಲಿ ಶುರುವಾದ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರಿಸಿತು: ಎರಡು ವರ್ಷ ತುಂಬುವುದರೊಳಗೆ ಸಾಕುಮನೆಯ ಪ್ರೀತಿ ಸಿಕ್ಕಿದ ಮಕ್ಕಳು ಅನಾಥಾಲಯದಲ್ಲಿಯೇ ಉಳಿದವರಿಗಿಂತ ಬಹಳಷ್ಟು ಚೇತರಿಸಿಕೊಂಡರು. ಹೆತ್ತವಳೇ ಆಗಬೇಕೆಂದಿಲ್ಲ, ಆದರೆ ಯಾರಾದರೊಬ್ಬರು ಬಿಡದೆ ಇರಬೇಕು, ಬೇಗನೆ ಸಿಗಬೇಕು.

ನಮ್ಮ ಮನೆಯಂಗಳದಲ್ಲಿ

ಇದು ನಮ್ಮ ಊರಿಗೆ ಹೊಸ ಮಾತಲ್ಲ. ಮೊದಲ ಹೆರಿಗೆಗೆ ಮಗಳನ್ನು ತವರಿಗೆ ಕರೆತಂದು ಬಾಣಂತನ ಮಾಡಿಸುವುದು, ಎಣ್ಣೆ ತಿಕ್ಕಿ ಮಗುವನ್ನು ಅಜ್ಜಿ ಮೀಯಿಸುವುದು, ಬಾಣಂತಿಗೆ ಹೊರೆಗೆಲಸ ಕೊಡದಿರುವುದು, ಇವೆಲ್ಲ ತಾಯಿಗೆ ತಾಯಿಯಾಗುವ ಏರ್ಪಾಡುಗಳೇ. ಅಳಿಯಸಂತಾನದ ಮನೆಗಳಲ್ಲಿ ಮಗು ತಾಯಿಯ ಕುಟುಂಬದಲ್ಲಿಯೇ, ಸೋದರಮಾವನ ಕಣ್ಣೆದುರಿಗೆ ಬೆಳೆಯುತ್ತಿತ್ತು. ಆ ಕಟ್ಟಳೆಯಲ್ಲಿ ಬೇರೆ ದೋಷಗಳಿದ್ದಿರಬಹುದು, ಆದರೆ ಮಗು ಒಬ್ಬಳೇ ತಾಯಿಯ ಹೆಗಲಿನ ಭಾರವಾಗಿರಲಿಲ್ಲ. ಮನುಷ್ಯಜಾತಿ ಉಳಿದು ಬಂದದ್ದೇ ಹಲವು ಕೈಗಳು ಕೂಡಿ ಮಗುವನ್ನು ಸಾಕಿದ್ದರಿಂದ ಎಂದು ಅಮೆರಿಕದ ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ 2009ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ.

ಈಗ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ತಂದೆ ದುಬೈಯಲ್ಲಿ, ತಾಯಿ ದೂರದ ಊರಿನ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಕೆಲಸದಲ್ಲಿ, ಮಗು ಅಜ್ಜಿಯ ಜೊತೆಯಲ್ಲಿ. ಹೊಟ್ಟೆಪಾಡಿಗೆ ಹೊರಟವರನ್ನು ದೂಷಿಸಿ ಪ್ರಯೋಜನವಿಲ್ಲ. ಆದರೆ ಮೇಲಿನ ಸಂಗತಿಗಳಿಂದ ಮೂರು ಪಾಠಗಳನ್ನು ನಾವು ತೆಗೆದುಕೊಳ್ಳಬಹುದು. ಮೊದಲನೆಯದು, ಮಗುವನ್ನು ನೋಡಿಕೊಳ್ಳುವವರು ಪದೇ ಪದೇ ಬದಲಾಗಬಾರದು. ಅಜ್ಜಿಯಾದರೆ ಅಜ್ಜಿ, ಚಿಕ್ಕಮ್ಮನಾದರೆ ಚಿಕ್ಕಮ್ಮ. ಆ ಆಸರೆ ಗಟ್ಟಿಯಾಗಿರಬೇಕು. ಎರಡನೆಯದು, ದೂರದಲ್ಲಿರುವವರು ಹಣ ಕಳುಹಿಸಿ, ಮೊಬೈಲಿನಲ್ಲಿ ನಾಲ್ಕಕ್ಷರ ಕುಟ್ಟಿ ಸುಮ್ಮನಾಗಬಾರದು. ದಿನಕ್ಕೆ ಐದು ನಿಮಿಷವಾದರೂ ಮಗು ಅವರ ದನಿ ಕೇಳಬೇಕು. ಪರೀಕ್ಷೆಯ ಹಿಂದಿನ ರಾತ್ರಿ, ಜ್ವರ ಬಂದ ದಿನ ಅಂತೂ ಕೇಳಲೇಬೇಕು.

ಮೂರನೆಯದು ಭಾಷೆಯ ಮಾತು. 1956ರ ನವೆಂಬರ್ 1ರಿಂದ ನಾವು ಬೇರೊಂದು ಭಾಷೆ ಬಹುಮತದಲ್ಲಿರುವ ರಾಜ್ಯದ ಪ್ರಜೆಗಳು. ಮಲಯಾಳವನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ, ಅದರಲ್ಲಿ ನಷ್ಟವಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಮನೆಯಲ್ಲಿ ಕೊಂಕಣಿಯಾಡಿ ಕನ್ನಡದ ಮಹಾಕವಿಯಾಗಲಿಲ್ಲವೇ? ಆದರೆ ಮಗು ಮುಂದೆ ಬರಲೆಂದು ತಾಯಿ ತನಗೇ ಸರಿಯಾಗಿ ಬಾರದ ಭಾಷೆಯಲ್ಲಿ ಅದರೊಡನೆ ಮಾತಾಡತೊಡಗಿದರೆ, ಮಗುವಿಗೆ ಆ ಭಾಷೆಯೂ ಪೂರ್ತಿ ಸಿಗದು, ತಾಯಿಯ ದನಿಯೂ ಪೂರ್ತಿ ಸಿಗದು. ಕನ್ನಡವೋ, ತುಳುವೋ, ಕೊಂಕಣಿಯೋ, ಮರಾಠಿಯೋ, ಯಾವುದು ನಮ್ಮ ಅಡಿಗೆಮನೆಯ ಮಾತೋ ಅದರಲ್ಲಿಯೇ ಮಗುವನ್ನು ಮುದ್ದಿಸಬೇಕು, ಗದರಿಸಬೇಕು, ಜೋಗುಳ ಹಾಡಬೇಕು.

ಫಾರಿಯಾ ಅವರು ಪ್ಯಾರಿಸಿನಲ್ಲಿ ಕಂಡುಕೊಂಡದ್ದು ತೊಟ್ಟಿಲು ತೂಗುವ ಎಲ್ಲ ತಾಯಂದಿರಿಗೂ ಗೊತ್ತಿದ್ದ ಸಂಗತಿಯೇ ಎಂದು ನನಗನಿಸುತ್ತದೆ. ನಂಬಿದವರ ದನಿ ನಿದ್ದೆ ತರಿಸುತ್ತದೆ, ನೋವು ಮರೆಸುತ್ತದೆ, ಧೈರ್ಯ ತುಂಬುತ್ತದೆ. ಅವರು ಆ ಮಾತಿಗೆ ಶಾಸ್ತ್ರದ ಉಡುಗೆ ತೊಡಿಸಿದರು.

ಹಳೆಗೋವೆಯ ಸಾಂತಾ ಮೋನಿಕಾ ಮಠದಲ್ಲಿ 2002ರಿಂದ ಕ್ರೈಸ್ತಕಲೆಯ ಸಂಗ್ರಹಾಲಯವಿದೆ. ಹಳೆಗೋವೆಗೆ ಹೋಗುವ ನಮ್ಮವರು ಬಾಮ್ ಜೀಸಸ್ ಇಗರ್ಜಿಯನ್ನು ನೋಡಿ ಹಿಂತಿರುಗುವುದೇ ಹೆಚ್ಚು. ಮುಂದಿನ ಸಲ ಹೋದಾಗ ಆ ಮಠದ ದಪ್ಪ ಗೋಡೆಗಳ ಮುಂದೆಯೂ ಒಂದು ಗಳಿಗೆ ನಿಂತು ಬನ್ನಿ. ಮಗನ ಪ್ರತಿಮೆ ಪಣಜಿಯಲ್ಲಿ ಎಲ್ಲರಿಗೂ ಕಾಣುವಂತಿದೆ. ತಾಯಿ ಬಾಳಿದ ಮನೆ ಇದು.